ಮಿಂಚುವ ಕಾರ್ಡು, ಬಿಡದ ಮಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸ್‌ಬಾಲ್ ಕಾರ್ಡು, ಅಂದರೆ ಆಟಗಾರರ ಫೋಟೊ ಮುದ್ರಿಸಿ ಪ್ಯಾಕಿನಲ್ಲಿ ಮಾರುವ ಕಾರ್ಡು, ಅದರ ಸಂಗ್ರಹದ ಬಗ್ಗೆ ಈ ಸಲ ಬಂದ ಪತ್ರಗಳೆಲ್ಲ ಕೊಡಗಿನವು. ಹೆಚ್ಚಿನವರು ಒಬ್ಬನೇ ಆಟಗಾರನ ಹಿಂದೆ ಬಿದ್ದವರು, ಅದರಲ್ಲೂ ಪ್ಯಾಕಿನಲ್ಲಿ ಅಪರೂಪಕ್ಕೆ ಸಿಗುವ, ಇನ್ಸರ್ಟ್ ಎಂಬ ಅವನ ಹೊಳೆಯುವ ವಿಶೇಷ ಕಾರ್ಡುಗಳ ಹಿಂದೆ. ಅರ್ಧ ಪತ್ರಗಳಲ್ಲಿ ಮಳೆಯ ಮಾತೇ ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಅಮೆರಿಕದಲ್ಲಿರುವ ಚಿಕ್ಕಪ್ಪ ರಜೆಗೆ ಬಂದಾಗ ಜಪಾನಿನ ಆಟಗಾರ ಶೊಹೆ ಒಟಾನಿಯ ಹನ್ನೊಂದು ಕಾರ್ಡು ತಂದುಕೊಟ್ಟರು. ನಾಲ್ಕು ಮಿಂಚುತ್ತವೆ. ಅವುಗಳಲ್ಲಿ ಎರಡಕ್ಕೆ ಒಂದೇ ಫೋಟೊ, ಅಂಚಿನ ಬಣ್ಣ ಮಾತ್ರ ಬೇರೆ. ಇವುಗಳಲ್ಲಿ ಇನ್ಸರ್ಟ್ ಯಾವುದು?
— ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಉತ್ತರ: ಮಿಂಚಿದ್ದೆಲ್ಲ ಇನ್ಸರ್ಟ್ ಅಲ್ಲ. ಮೂರು ಹೆಸರು ಸರಿಯಾಗಿ ತಿಳಿದುಕೊಂಡರೆ ಮುಂದಿನದು ಸುಲಭ. ಒಂದು ವರ್ಷದ ಸೆಟ್ಟಿನಲ್ಲಿ ಎಲ್ಲ ಆಟಗಾರರಿಗೂ ಒಂದೇ ವಿನ್ಯಾಸದಲ್ಲಿ, ಸಾಲಾಗಿ ನಂಬರ್ ಹಾಕಿ ಬರುವುದು ಬೇಸ್ ಕಾರ್ಡು. ಟಾಪ್ಸ್ ಕಂಪನಿಯ 2018ರ ಮುಖ್ಯ ಸೆಟ್ಟಿನಲ್ಲಿ ಒಟಾನಿಯ ನಂಬರ್ 700. ಅದೇ ವರ್ಷದ ಟಾಪ್ಸ್ ಕ್ರೋಮ್ ಎಂಬ ಹೊಳೆಯುವ ಕಾರ್ಡಿನ ಸೆಟ್ಟಿನಲ್ಲಿ 150. ಅದೇ ಫೋಟೊ, ಅದೇ ನಂಬರ್ ಇದ್ದು ಬಣ್ಣವೋ ಹೊಳಪೋ ಬದಲಾದರೆ ಅದು ಪ್ಯಾರಲಲ್. ನಿಮ್ಮ ಆ ಎರಡು ಕಾರ್ಡುಗಳು ಬಹುತೇಕ ಇದೇ ಜಾತಿ. ಇನ್ಸರ್ಟ್‌ಗೆ ಬೇರೆಯೇ ವಿನ್ಯಾಸ, ತನ್ನದೇ ಒಂದು ಹೆಸರು, ತನ್ನದೇ ನಂಬರ್ ಸಾಲು ಇರುತ್ತದೆ. ಹೆಚ್ಚಾಗಿ ನಂಬರಿನ ಮುಂದೆ ಎರಡು-ಮೂರು ಅಕ್ಷರಗಳಿರುತ್ತವೆ. ಇನ್ಸರ್ಟ್‌ಗಳಿಗೂ ಮತ್ತೆ ಬಣ್ಣಬಣ್ಣದ ಪ್ಯಾರಲಲ್‌ಗಳು ಬರುತ್ತವೆ. ಹೊಸಬರು ಗಲಿಬಿಲಿಗೊಳ್ಳುವುದು ಅಲ್ಲೇ.

ಆದ್ದರಿಂದ ಕಾರ್ಡಿನ ಮುಖವನ್ನು ಆಮೇಲೆ ನೋಡಿ, ಮೊದಲು ತಿರುಗಿಸಿ. ಮೇಲಿನ ಮೂಲೆಯಲ್ಲಿ ನಂಬರ್ ಇದೆ, ಬರೆದುಕೊಳ್ಳಿ. ಆಟದ ಅಂಕಿಅಂಶದ ಕೊನೆಯ ಸಾಲು ಯಾವ ವರ್ಷದ್ದೋ ಕಾರ್ಡು ಸಾಮಾನ್ಯವಾಗಿ ಅದರ ಮರುವರ್ಷದ್ದು. ಕೊನೆಯ ಸಾಲು 2022 ಎಂದಿದ್ದರೆ ಅದು 2023ರ ಕಾರ್ಡು. ತೀರಾ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಟಾಪ್ಸ್ ಕಾರ್ಡಿನಲ್ಲಿ ಸಿಎಂಪಿ ಎಂದು ಶುರುವಾಗುವ ಒಂದು ಕೋಡ್ ಇರುತ್ತದೆ. ಒಂದೇ ನಂಬರಿನ ಎರಡು ಕಾರ್ಡುಗಳಲ್ಲಿ ಅದರ ಕೊನೆಯ ಅಂಕಿಗಳು ಬೇರೆಯಾದರೆ ಒಂದು ಕಾರ್ಡು ಕಡಿಮೆ ಮುದ್ರಿಸಿದ ಫೋಟೊ ಬದಲಾವಣೆ ಆಗಿರಬಹುದು. ಬಣ್ಣದ ಕಾರ್ಡಿನಲ್ಲಿ 23/50 ಎಂದು ಒತ್ತಿದ್ದರೆ ಐವತ್ತರಲ್ಲಿ ಇಪ್ಪತ್ತಮೂರನೆಯದು ಎಂದು ಅರ್ಥ. ಕ್ರೋಮ್‌ನಲ್ಲಿ ಸಾಮಾನ್ಯವಾಗಿ ಚಿನ್ನದ ಬಣ್ಣಕ್ಕೆ 50, ಕಿತ್ತಳೆಗೆ 25, ಕೆಂಪಿಗೆ 5, ಸೂಪರ್‌ಫ್ರ್ಯಾಕ್ಟರ್‌ಗೆ ಒಂದೇ ಒಂದು. ಇಪ್ಪತ್ತಮೂರನೆಯದಕ್ಕೂ ನಲವತ್ತನೆಯದಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲ. ಆಟಗಾರನ ಜೆರ್ಸಿ ನಂಬರೇ ಬಂದರೆ ಮಾತ್ರ ಕೆಲವರು ಹೆಚ್ಚು ಕೊಡುತ್ತಾರೆ. ಒಟಾನಿಗೆ ಅದು 17.

ಉಳಿದದ್ದು ರಿಫ್ರ್ಯಾಕ್ಟರ್. ಬರೀ ಕ್ರೋಮ್ ಕಾರ್ಡು ಸ್ಟೀಲ್ ತಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ಓರೆ ಮಾಡಿದಾಗ ಕಾಮನಬಿಲ್ಲಿನ ಬಣ್ಣ ಒಂದು ತುದಿಯಿಂದ ಇನ್ನೊಂದಕ್ಕೆ ಹರಿದರೆ ಅದು ರಿಫ್ರ್ಯಾಕ್ಟರ್. ಇದು ಮೊದಲು ಬಂದದ್ದು 1993ರ ಟಾಪ್ಸ್ ಫೈನೆಸ್ಟ್‌ನಲ್ಲಿ. ಟಾಪ್ಸ್ ಕ್ರೋಮ್ ಶುರುವಾದದ್ದು 1996ರಲ್ಲಿ. ಕ್ರೋಮ್ ರಿಫ್ರ್ಯಾಕ್ಟರ್‌ಗಳ ಬೆನ್ನಿನಲ್ಲಿ ಹೆಚ್ಚಾಗಿ ನಂಬರಿನ ಹತ್ತಿರವೇ ರಿಫ್ರ್ಯಾಕ್ಟರ್ ಎಂಬ ಪದ ಇರುತ್ತದೆ. 1993ರವುಗಳಲ್ಲಿ ಇಲ್ಲ, ಕಣ್ಣಿನಿಂದಲೇ ತಿಳಿಯಬೇಕು.

ಪ್ರಶ್ನೆ: ಜೂನ್‌ನಲ್ಲಿ ನೆಟ್ಟಗಿದ್ದ ಕ್ರೋಮ್ ಕಾರ್ಡುಗಳೆಲ್ಲ ಜುಲೈ-ಆಗಸ್ಟ್‌ನ ಕಕ್ಕಡ ಮಾಸ ಮುಗಿಯುವ ಹೊತ್ತಿಗೆ ದೋಣಿಯ ಹಾಗೆ ಬಾಗಿವೆ. ಮಾಮೂಲಿ ರಟ್ಟಿನ ಕಾರ್ಡುಗಳಿಗೆ ಏನೂ ಆಗಿಲ್ಲ. ಇಸ್ತ್ರಿ ಪೆಟ್ಟಿಗೆಯಿಂದ ಹಗುರಕ್ಕೆ ಒತ್ತಬಹುದೇ?
— ಓದುಗರು, ಗೋಣಿಕೊಪ್ಪ

ಉತ್ತರ: ಇಸ್ತ್ರಿ ಬೇಡವೇ ಬೇಡ. ಹೇರ್ ಡ್ರೈಯರ್, ಓವನ್, ಒಲೆಯ ಮೇಲಿನ ಅಟ್ಟ, ಕಾಫಿ ಕಣದ ಬಿಸಿಲು ಯಾವುದೂ ಬೇಡ. ಬಿಸಿ ತಾಗಿದರೆ ಮೇಲಿನ ಹೊಳೆಯುವ ಪದರ ಅಲೆಅಲೆಯಾಗಿ ಏಳುತ್ತದೆ. ಅದನ್ನು ಮತ್ತೆ ಕೂರಿಸಲು ಯಾರಿಂದಲೂ ಆಗದು.

ಹೊಳೆಯುವ ಕಾರ್ಡೇ ಏಕೆ ಬಾಗುತ್ತದೆಂದರೆ ಅದರ ಎರಡು ಮುಖಗಳು ಎರಡು ಥರದ ವಸ್ತು. ಮುಂದೆ ಪ್ಲಾಸ್ಟಿಕ್ಕಿನಂಥ ಪದರ, ಅದು ನೀರು ಕುಡಿಯುವುದಿಲ್ಲ. ಹಿಂದೆ ಕಾಗದ, ಅದು ಗಾಳಿಯ ತೇವವನ್ನು ಕುಡಿದು ಹಿಗ್ಗುತ್ತದೆ. ಹಿಗ್ಗಿದ ಬೆನ್ನು ಹಿಗ್ಗದ ಮುಖವನ್ನು ಬಗ್ಗಿಸುತ್ತದೆ. ಮಾಮೂಲಿ ಕಾರ್ಡಿನಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಹಿಗ್ಗುವುದರಿಂದ ಅದು ನೆಟ್ಟಗೇ ಇರುತ್ತದೆ. ಕಾಗದ ನಾರಿಗೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ. ನಿಮ್ಮ ಕಾರ್ಡುಗಳೆಲ್ಲ ಒಂದೇ ದಿಕ್ಕಿಗೆ ದೋಣಿಯಾಗಿರುವುದು ಅದಕ್ಕೇ.

ಮೊದಲು ರೋಗ ಯಾವುದೆಂದು ನೋಡಿ. ಕಾರ್ಡನ್ನು ಮುಖ ಮೇಲಾಗಿ ಒಂದು ಗಾಜಿನ ಮೇಲೆ ಇಡಿ. ಅಂಚುಗಳು ಎದ್ದು ನಡು ಗಾಜಿಗೆ ತಾಗಿದರೆ ತೇವ ಹೆಚ್ಚಾಗಿದೆ. ನಡು ಎದ್ದು ಅಂಚುಗಳು ತಾಗಿದರೆ ಒಣಗಿದ್ದು ಹೆಚ್ಚಾಗಿದೆ. ಈ ಎರಡನೆಯದು ಕೊಡಗಿನಲ್ಲಿ ಒಂದೇ ಕಾರಣಕ್ಕೆ ಆಗುವುದು: ಹೆದರಿ ಡಬ್ಬಿ ತುಂಬ ತೇವ ಹೀರುವ ಸಿಲಿಕಾ ಜೆಲ್ ಹರಳು ಸುರಿದವರ ಮನೆಯಲ್ಲಿ. ಅಂಚು 2 ಮಿಲಿಮೀಟರ್ ಎದ್ದಿದ್ದರೆ ಚಿಂತೆ ಬೇಡ, ಕಾರ್ಖಾನೆಯಿಂದ ಬರುವಾಗಲೇ ಅಷ್ಟು ಇರುವುದುಂಟು. 5 ಮಿಲಿಮೀಟರ್ ದಾಟಿದ್ದರೆ ಕೆಲಸ ಶುರು ಮಾಡಿ.

ಬೇಕಾದದ್ದು ಮೂರು ವಸ್ತು. ರಬ್ಬರ್ ಅಂಚಿನ, ನಾಲ್ಕೂ ಕಡೆ ಕ್ಲಿಪ್ ಇರುವ 5 ಲೀಟರ್ ಪ್ಲಾಸ್ಟಿಕ್ ಡಬ್ಬಿ. ಕೆಲವು ನೂರು ರೂಪಾಯಿಗೆ ಸಿಗುವ ಗಾಳಿಯ ತೇವ ಅಳೆಯುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್. ಮತ್ತೆ, ಗಿಟಾರ್ ಪೆಟ್ಟಿಗೆಯೊಳಗೆ ಇಡಲು ಮಾರುವ ಎರಡೂ ಕಡೆ ಕೆಲಸ ಮಾಡುವ ತೇವಾಂಶದ ಪ್ಯಾಕೆಟ್, ಶೇ. 49 ಎಂದು ಬರೆದದ್ದು. ಇದು ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಸಿಗಾರ್‌ಗೆಂದು ಮಾರುವ ಶೇ. 69ರದ್ದನ್ನು ತಪ್ಪಿ ತರಬೇಡಿ. ಅದು ಕಾರ್ಡಿಗೆ ಜಾಸ್ತಿ ತೇವ.

ಹೈಗ್ರೋಮೀಟರ್ ತಂದ ದಿನವೇ ನಂಬಬೇಡಿ. ಬಾಟಲಿ ಮುಚ್ಚಳವೊಂದಕ್ಕೆ ಅಡುಗೆ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಉಪ್ಪು ಒದ್ದೆ ಮರಳಿನ ಹಾಗಾಗಬೇಕು, ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ ಎಂಟು ಗಂಟೆ ಬಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ, ಅದು ಉಪ್ಪಿನ ಗುಣ. ಮೀಟರ್ 70 ತೋರಿಸಿದರೆ ಇನ್ನು ಮುಂದೆ ಅದರ ಓದಿಗೆ 5 ಸೇರಿಸಿಕೊಳ್ಳಿ. ತೇವ ಅಳೆಯದೆ ಕಾಫಿ ಮೂಟೆ ಕಟ್ಟದ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಜಡಿಮಳೆಯಲ್ಲಿ ಮನೆಯೊಳಗೂ ಶೇ. 90ರ ಆಸುಪಾಸು ಇರುವಾಗ 49ರ ಪ್ಯಾಕೆಟ್ ಒಂದನ್ನೇ ಹಾಕಿದರೆ ಅದು ಕೆಲವೇ ದಿನದಲ್ಲಿ ಕುಡಿದು ಉಬ್ಬಿ ಸೋಲುತ್ತದೆ. ಹೀಗಾಗಿ ಮೊದಲ ಸುತ್ತು ಸಿಲಿಕಾ ಜೆಲ್‌ನದು. ಲೆಕ್ಕ ಹೀಗೆ: ಮಾಮೂಲಿ ದಪ್ಪದ ಕಾರ್ಡೊಂದು 2 ಗ್ರಾಂಗೆ ತುಸು ಕಡಿಮೆ ತೂಗುತ್ತದೆ. 200 ಕಾರ್ಡೆಂದರೆ ಸುಮಾರು 350 ಗ್ರಾಂ ಕಾಗದ. ಅದು ಮಳೆಗಾಲದಲ್ಲಿ ಹೆಚ್ಚುವರಿಯಾಗಿ ಹೊತ್ತ ನೀರು ಹತ್ತರಿಂದ ಇಪ್ಪತ್ತು ಗ್ರಾಂ. ಡಬ್ಬಿಯ ಗಾಳಿಯಲ್ಲಿರುವ ನೀರು ಇದರ ಮುಂದೆ ಲೆಕ್ಕಕ್ಕೇ ಇಲ್ಲ, ಒಣಗಬೇಕಾದದ್ದು ಕಾಗದ. ಸಿಲಿಕಾ ಜೆಲ್ ತನ್ನ ತೂಕದ ಸುಮಾರು ಕಾಲು ಭಾಗ ನೀರು ಹಿಡಿಯುತ್ತದೆ. ಆದ್ದರಿಂದ 200 ಕಾರ್ಡಿಗೆ 100 ಗ್ರಾಂ ಸಾಕು. ಹತ್ತಿ ಬಟ್ಟೆಯ ಚೀಲಕ್ಕೆ ಹಾಕಿ, ಕಾರ್ಡಿಗೆ ತಾಗದಂತೆ ಡಬ್ಬಿಯ ಒಂದು ಮೂಲೆಯಲ್ಲಿಡಿ. ನೀಲಿ ಹರಳಾದರೆ ತೇವ ಕುಡಿದಾಗ ಗುಲಾಬಿಯಾಗುತ್ತದೆ. ನೀಲಿ ಬಣ್ಣ ಕೊಡುವ ಕೋಬಾಲ್ಟ್ ಲವಣ ವಿಷ, ಮಕ್ಕಳ ಕೈಗೆ ಸಿಗಬಾರದು.

ಕಾರ್ಡುಗಳು ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲದಲ್ಲಷ್ಟೇ ಇರಲಿ, ಟಾಪ್‌ಲೋಡರ್ ಎಂಬ ಗಟ್ಟಿ ಕವಚ ಬೇಡ, ಮೇಲೆ ಭಾರವೂ ಬೇಡ. ದಿನಕ್ಕೊಂದು ಸಲ ಮುಚ್ಚಳ ತೆರೆಯದೆಯೇ ಮೀಟರ್ ಓದಿ. ಶೇ. 50ಕ್ಕೆ ಇಳಿದ ದಿನ ಸಿಲಿಕಾ ಜೆಲ್ ತೆಗೆದು 49ರ ಪ್ಯಾಕೆಟ್ ಇಡಿ. ಎರಡನ್ನೂ ಒಟ್ಟಿಗೆ ಇಟ್ಟರೆ ಒಂದು ಬಿಟ್ಟ ನೀರನ್ನು ಇನ್ನೊಂದು ಕುಡಿಯುತ್ತ ಎರಡೂ ಹಾಳು. ಹೀಗೆ ಎರಡು ವಾರ ಬಿಟ್ಟರೆ ಹೆಚ್ಚಿನ ಕಾರ್ಡು ತಾನಾಗಿ ನೆಟ್ಟಗಾಗುತ್ತದೆ. ಹಟ ಹಿಡಿದವನ್ನು ಮಾತ್ರ ಎರಡು ಅಕ್ರಿಲಿಕ್ ಹಲಗೆಗಳ ನಡುವೆ ಇಟ್ಟು, ಒಂದೆರಡು ಕಿಲೋ ಭಾರ ಹೇರಿ ನಾಲ್ಕು ದಿನ ಬಿಡಿ. ಅದನ್ನೂ ಒಣಗಿದ ಮೇಲೆಯೇ ಮಾಡಿ. ತೇವದಲ್ಲೇ ಒತ್ತಿದ ಕಾರ್ಡು ಭಾರ ತೆಗೆದ ಮರುದಿನ ಮತ್ತೆ ದೋಣಿಯಾಗುತ್ತದೆ, ಸ್ಲೀವ್‌ನ ಅಂಚಿನ ಗೆರೆ ಹೊಳಪಿನ ಮೇಲೆ ಉಳಿದುಬಿಡುತ್ತದೆ. ಬಾಗಿದ ಕಾರ್ಡನ್ನು ಟಾಪ್‌ಲೋಡರ್‌ಗೆ ತುರುಕುವುದೂ ಅಷ್ಟೇ ಕೆಟ್ಟದ್ದು. ನಡು ಉಜ್ಜಿ ಗೀರು ಬೀಳುತ್ತದೆ.

ಡಬ್ಬಿಯನ್ನು ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ಒಳಗೋಡೆಯ ಬೀರುವಿನ ಮಧ್ಯದ ತಟ್ಟೆ ಒಳ್ಳೆಯದು. ಸೆಪ್ಟೆಂಬರ್ ಮೊದಲಿನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ನಿಂತ ಮೇಲೂ ಒಂದು ತಿಂಗಳು ತೆರೆಯುವ ಆತುರ ಬೇಡ. ಕಾರ್ಡು ಹೊರತೆಗೆದು ಜೋಡಿಸುವ, ಫೋಟೊ ತೆಗೆಯುವ ಕೆಲಸವನ್ನೆಲ್ಲ ಜನವರಿಯಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮೊಮ್ಮಗ ಹಾಸ್ಟೆಲ್‌ಗೆ ಹೋಗುವಾಗ ಕಾರ್ಡಿನ ಆಲ್ಬಮ್ ನನ್ನ ಬೀರುವಿನಲ್ಲಿ ಇಟ್ಟುಹೋದ. ಈಗ ತೆಗೆದರೆ ಹಾಳೆಗಳ ಮೇಲೆ ಬಿಳಿ ಬೂಷ್ಟು. ಕೆಳಗಿನ ಒಂದು ಕಟ್ಟು ಇಟ್ಟಿಗೆಯ ಹಾಗೆ ಅಂಟಿಕೊಂಡಿದೆ. ಅವನಿಗೆ ಹೇಗೆ ಹೇಳಲಿ?
— ಅಜ್ಜಿ, ನಾಪೋಕ್ಲು

ಉತ್ತರ: ಅಮ್ಮಾ, ಇನ್ನೂ ಉಳಿಸಿಕೊಳ್ಳುವುದು ತುಂಬ ಇದೆ. ಇವತ್ತೇ ಹೇಳಿಬಿಡಿ, ಅವನೇ ಬಂದು ತೆಗೆಯಲಿ. ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಎರಡೇ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಅಂಟಿದ ಕಟ್ಟನ್ನು ಬಿಡಿಸಲು ಹೋಗಬೇಡಿ. ಆಲ್ಬಮ್ಮನ್ನು ಉಳಿದ ಪುಸ್ತಕಗಳಿಂದ ದೂರ, ಗಾಳಿಯಾಡುವ ಒಣ ಕೋಣೆಯಲ್ಲಿ ನೆರಳಿನಲ್ಲಿ ನಿಲ್ಲಿಸಿಡಿ.

ಮೊಮ್ಮಗನಿಗೆ: ಬೂಷ್ಟು ಹಾಳೆಯ ಹೊರಗಷ್ಟೇ ಇದ್ದರೆ ಕಾರ್ಡು ತೆಗೆದು ಆ ಹಾಳೆ ಎಸೆಯಿರಿ, ತೊಳೆದು ಮತ್ತೆ ಬಳಸುವುದು ಬೇಡ. ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಕೂತು, ಮೆತ್ತನೆಯ ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ತಳ್ಳಿ. ಕಾರ್ಡಿನ ಬಿಳಿ ಅಂಚಿನೊಳಗೆ ಕಂದು ಚುಕ್ಕೆ ಇಳಿದಿದ್ದರೆ ಅದು ಹೋಗದು. ಅಂಥ ಕಾರ್ಡನ್ನು ಬೇರೆ ಡಬ್ಬಿಯಲ್ಲೇ ಇಡಿ. ಹಾಳೆಗಳಿಂದ ಹೊಸ ಮಳೆಕೋಟಿನ ವಾಸನೆ ಬಂದರೆ ಅವು ಪಿವಿಸಿ. ಅದರಲ್ಲಿರುವ ಮೆದುಕಾರಿ ರಾಸಾಯನಿಕ ವರ್ಷಗಳು ಹೋದಂತೆ ಹೊರಬಂದು ಹೊಳಪಿಗೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಎಂದು ಬರೆದಿರುವ ಒಂಬತ್ತು ಜೇಬಿನ ಹಾಳೆಯನ್ನೇ ಕೊಳ್ಳಿ. ಆಲ್ಬಮ್ಮಿನ ರಿಂಗ್ ಡಿ ಆಕಾರದ್ದಾಗಿರಲಿ. ಗುಂಡು ರಿಂಗ್‌ನಲ್ಲಿ ಒಳಗಿನ ಸಾಲಿನ ಕಾರ್ಡುಗಳು ಬಾಗಿ ಗುರುತು ಬೀಳುತ್ತದೆ.

ಅಂಟಿದ ಕಟ್ಟಿನ ಕಥೆ ಬೇರೆ. 1990ರ ದಶಕದ ಹೊಳಪಿನ ಲೇಪದ ಕಾರ್ಡುಗಳನ್ನು ಸ್ಲೀವ್ ಇಲ್ಲದೆ ಮುಖಕ್ಕೆ ಬೆನ್ನು ತಾಗಿಸಿ ಒತ್ತಾಗಿ ಇಟ್ಟರೆ, ತೇವ ಮತ್ತು ಭಾರಕ್ಕೆ ಲೇಪ ಮೆದುವಾಗಿ ಅಂಟುತ್ತದೆ. ಕಟ್ಟನ್ನು ಮೇಲೆ ಹೇಳಿದ ಡಬ್ಬಿಯಲ್ಲಿ ಮೂರು-ನಾಲ್ಕು ವಾರ ಒಣಗಲು ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಇಸ್ಪೀಟು ಕಟ್ಟನ್ನು ಬಗ್ಗಿಸುವಂತೆ ತುಂಬ ಹಗುರಕ್ಕೆ ಒಂದು ಕಡೆ, ಮತ್ತೆ ಇನ್ನೊಂದು ಕಡೆ ಬಗ್ಗಿಸಿ. ಚಟ್ ಚಟ್ ಎಂಬ ಸಣ್ಣ ಶಬ್ದದೊಂದಿಗೆ ಕೆಲವು ಬಿಡುತ್ತವೆ. ಬಿಡದ ಜೋಡಿಯನ್ನು ಪಕ್ಕಪಕ್ಕಕ್ಕೆ ಜಾರಿಸಲು ನೋಡಿ, ಮೂಲೆಯಿಂದ ಸುಲಿಯಬೇಡಿ. ಸುಲಿದರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಮೊದಲು ಯಾರೂ ಕೇಳದ ಆಟಗಾರನ ಕಾರ್ಡಿನ ಮೇಲೆ ಕೈ ಪಳಗಿಸಿಕೊಂಡು, ಮೆಚ್ಚಿನ ಆಟಗಾರನದ್ದಕ್ಕೆ ಕೊನೆಗೆ ಬನ್ನಿ.

ಪ್ರಶ್ನೆ: ತಿಂಗಳಿಗೆ 1,500 ರೂ. ಖರ್ಚು ಮಾಡಬಲ್ಲೆ. ಇಚಿರೊ ಸುಜುಕಿಯ ಇನ್ಸರ್ಟ್‌ಗಳು ಬೇಕು. ಪ್ಯಾಕ್ ಒಡೆಯುವುದೋ, ಬಿಡಿ ಕಾರ್ಡು ಕೊಳ್ಳುವುದೋ?
— ಓದುಗರು, ಸೋಮವಾರಪೇಟೆ

ಉತ್ತರ: ಒಬ್ಬ ಆಟಗಾರನನ್ನು ಹಿಡಿದವರು ಬಿಡಿಯಾಗಿಯೇ ಕೊಳ್ಳಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಪ್ಯಾಕಿನ ಮೇಲೆ 1:6 ಎಂದಿದ್ದರೆ ಸರಾಸರಿ ಆರು ಪ್ಯಾಕಿಗೆ ಒಂದು ಇನ್ಸರ್ಟ್ ಎಂದರ್ಥ. ಆ ಇನ್ಸರ್ಟ್ ಸೆಟ್ಟಿನಲ್ಲಿ 25 ಆಟಗಾರರಿದ್ದರೆ ನಿಮ್ಮವನೇ ಬರುವ ಸಾಧ್ಯತೆ 150 ಪ್ಯಾಕಿಗೆ ಒಂದು. ಪ್ಯಾಕಿಗೆ 600 ರೂ. ಎಂದಿಟ್ಟುಕೊಂಡರೆ 90,000 ರೂ. ಆಯಿತು. ಅಷ್ಟು ಒಡೆದರೂ ಖಾತ್ರಿಯಿಲ್ಲ. 150 ಪ್ಯಾಕ್ ಒಡೆದ ನೂರು ಜನರಲ್ಲಿ ಸುಮಾರು 37 ಜನರಿಗೆ ಆ ಕಾರ್ಡು ಒಂದೂ ಸಿಕ್ಕಿರುವುದಿಲ್ಲ. ಸರಾಸರಿಯನ್ನು ಭರವಸೆ ಎಂದು ಓದಿದವರ ದುಡ್ಡು ಹೋಗುವುದು ಇಲ್ಲೇ. ಬಿಡಿಯಾಗಿ ಕೊಂಡರೆ ಸಾಧಾರಣ ಇನ್ಸರ್ಟ್ ಒಂದು ಪ್ಯಾಕಿನ ಬೆಲೆಗೋ ಅದಕ್ಕಿಂತ ಕಡಿಮೆಗೋ ಸಿಗುವುದು ಸಾಮಾನ್ಯ.

ಇಚಿರೊ ಒಳ್ಳೆಯ ಆಯ್ಕೆ. ಜಪಾನಿನ ಓರಿಕ್ಸ್ ತಂಡದಿಂದ 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್‌ಗೆ ಬಂದು, ಅದೇ ವರ್ಷ ಲೀಗಿನ ಅತ್ಯುತ್ತಮ ಹೊಸಬ ಮತ್ತು ಅತ್ಯುತ್ತಮ ಆಟಗಾರ ಎರಡೂ ಆದವರು. 2004ರಲ್ಲಿ 262 ಹಿಟ್ ಹೊಡೆದದ್ದು ಒಂದು ಋತುವಿನ ದಾಖಲೆ. ಯಾಂಕೀಸ್, ಮಾರ್ಲಿನ್ಸ್ ಸುತ್ತಿ ಮತ್ತೆ ಮ್ಯಾರಿನರ್ಸ್‌ಗೆ ಬಂದು 2019ರಲ್ಲಿ ಟೋಕಿಯೊದಲ್ಲಿ ನಿವೃತ್ತರಾದರು. 2025ರಲ್ಲಿ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 394ರಲ್ಲಿ 393 ಮತ. ಹತ್ತೊಂಬತ್ತು ಋತುಗಳ ಕಾರ್ಡುಗಳಿವೆ ಎಂದಾಗ ಎಲ್ಲವನ್ನೂ ಕೊಳ್ಳುತ್ತೇನೆಂದು ಹೊರಡಬೇಡಿ. ಒಂದು ಬೇಲಿ ಹಾಕಿಕೊಳ್ಳಿ: 2001ರಿಂದ 2004ರವರೆಗಿನ ಇನ್ಸರ್ಟ್ ಮಾತ್ರ, ಅಥವಾ ಮ್ಯಾರಿನರ್ಸ್ ಜೆರ್ಸಿಯಲ್ಲಿರುವ ಕ್ರೋಮ್ ರಿಫ್ರ್ಯಾಕ್ಟರ್ ಮಾತ್ರ, ಅಥವಾ ವರ್ಷಕ್ಕೊಂದು. ಆ ಸೆಟ್ಟುಗಳ ಪಟ್ಟಿ ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ವರ್ಷ, ಸೆಟ್, ಇನ್ಸರ್ಟಿನ ಹೆಸರು, ನಂಬರ್, ಕೊಂಡ ಬೆಲೆ ಎಂದು ಐದು ಕಾಲಂ ಎಳೆಯಿರಿ. ಪಟ್ಟಿಯಿಲ್ಲದೆ ಕೊಂಡವರ ಹತ್ತಿರ ಒಂದೇ ಕಾರ್ಡು ಮೂರು ಇರುತ್ತದೆ.

ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವುದನ್ನು ಬಿಟ್ಟು ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ, ಕೊನೆಯ ಐದಾರು ಮಾರಾಟದ ನಡುವಿನದ್ದನ್ನು ಹಿಡಿಯಿರಿ. ಈಗ ಆಡುತ್ತಿರುವವರ ಹೊಸ ಸೆಟ್ ಬಿಡುಗಡೆಯಾದ ವಾರ ಕೊಳ್ಳಬೇಡಿ, ಆಗ ಎಲ್ಲರಿಗೂ ಆತುರ. ಕೆಲವು ತಿಂಗಳು ಕಳೆದು, ಅಮೆರಿಕದಲ್ಲಿ ಆಟ ನಿಂತಿರುವ ನವೆಂಬರ್‌ನಿಂದ ಜನವರಿಯಲ್ಲಿ ಕೇಳಿ. ನಮ್ಮಲ್ಲಿ ಮಳೆ ನಿಂತಿರುವ ಕಾಲವೂ ಅದೇ. ಮೊದಲ ಎರಡು ತಿಂಗಳ 3,000 ರೂ.ಗಳನ್ನು ಕಾರ್ಡಿಗೆ ಹಾಕದೆ ಡಬ್ಬಿ, ಮೀಟರ್, ಸ್ಲೀವ್‌ಗಳಿಗೆ ಹಾಕಿ ಎಂಬುದು ನಮ್ಮ ಒತ್ತಾಯದ ಸಲಹೆ.

ಪ್ರಶ್ನೆ: ಸ್ಲೀವ್‌ಗೆ ಹಾಕುವಾಗಲೇ ಮೂಲೆ ಮುರಿಯುತ್ತದೆ. ಯಾವ ಅಳತೆಯದ್ದು ಕೊಳ್ಳಬೇಕು?
— ಓದುಗರು, ಕುಶಾಲನಗರ

ಉತ್ತರ: ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಮೊದಲು ಪೆನ್ನಿ ಸ್ಲೀವ್ ಎಂಬ ತೆಳು ಚೀಲ, ಅದರ ಹೊರಗೆ 3ಕ್ಕೆ 4 ಇಂಚಿನ ಗಟ್ಟಿ ಟಾಪ್‌ಲೋಡರ್. ದಪ್ಪವನ್ನು ಪಾಯಿಂಟ್‌ನಲ್ಲಿ ಹೇಳುತ್ತಾರೆ, ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಮಾಮೂಲಿ ಮತ್ತು ಕ್ರೋಮ್ ಕಾರ್ಡಿಗೆ 35 ಪಾಯಿಂಟ್ ಸಾಕು, ಅಂದರೆ ಸುಮಾರು 0.9 ಮಿಲಿಮೀಟರ್. ಜೆರ್ಸಿ ತುಂಡು ಅಂಟಿಸಿದ ದಪ್ಪ ಕಾರ್ಡಿಗೆ 100 ಅಥವಾ 130. ಸಡಿಲವಾದರೆ ಒಳಗೆ ಅಲ್ಲಾಡಿ ಮೂಲೆ ಸವೆಯುತ್ತದೆ, ಬಿಗಿಯಾದರೆ ಹೊಳಪು ಉಜ್ಜುತ್ತದೆ.

ಮೂಲೆ ಮುರಿಯುವುದು ಸ್ಲೀವ್‌ನ ಬಾಯಿ ಅಂಟಿಕೊಂಡಿರುವುದರಿಂದ. ಸ್ಲೀವ್‌ನ ಎರಡು ಬದಿಯನ್ನು ಬೆರಳಿನಿಂದ ಹಗುರಕ್ಕೆ ಒತ್ತಿದರೆ ಬಾಯಿ ಮೀನಿನ ಬಾಯಿಯಂತೆ ತೆರೆಯುತ್ತದೆ. ಕಾರ್ಡಿನ ಎರಡೂ ಉದ್ದ ಅಂಚು ಹಿಡಿದು, ಮೊದಲು ಒಂದು ಮೂಲೆ ಒಳಗೆ ಹೋಗುವಂತೆ ತುಸು ಓರೆಯಾಗಿ ಇಳಿಸಿ, ಆಮೇಲೆ ನೆಟ್ಟಗೆ ಮಾಡಿ. ಸ್ಲೀವ್‌ನ ಮೇಲಿನ ಒಂದು ಮೂಲೆಯಲ್ಲಿ ಕತ್ತರಿಯಿಂದ ಅರ್ಧ ಸೆಂಟಿಮೀಟರ್ ಓರೆಯಾಗಿ ಕತ್ತರಿಸಿಕೊಂಡರೆ ಇನ್ನೂ ಸುಲಭ, ಅದನ್ನು ಕಾರ್ಡು ಹಾಕುವ ಮೊದಲೇ ಮಾಡಿ. ಹೊಸ ಟಾಪ್‌ಲೋಡರ್ ಒಳಗೆ ಪ್ಲಾಸ್ಟಿಕ್ ಪುಡಿ ಇರುತ್ತದೆ. ಬಾಯಿ ಕೆಳಗೆ ಮಾಡಿ ಮೇಜಿಗೆ ಎರಡು ಸಲ ತಟ್ಟಿ. ಸ್ಲೀವ್ ಇಲ್ಲದೆ ಕ್ರೋಮ್ ಕಾರ್ಡನ್ನು ನೇರ ಟಾಪ್‌ಲೋಡರ್‌ಗೆ ಹಾಕಬಾರದು, ಒಂದು ಸಲಕ್ಕೂ.

ಪ್ರಶ್ನೆ: ಅಮೆರಿಕದಿಂದ ತರಿಸುವಾಗ ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆಸಿದರೆ ಸುಂಕ ತಪ್ಪುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ವಿರಾಜಪೇಟೆ

ಉತ್ತರ: ತಪ್ಪುವುದಿಲ್ಲ, ತೊಂದರೆಯೇ ಹೆಚ್ಚು. 5,000 ರೂ.ವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಈಗ ಸುಂಕವಿಲ್ಲದ ಉಡುಗೊರೆಯಾಗಿ ಬರಬಹುದಾದದ್ದು ಜೀವರಕ್ಷಕ ಔಷಧ ಮತ್ತು ರಾಖಿ. ಕೊಂಡ ವಸ್ತುವನ್ನು ಕೊಂಡದ್ದೆಂದೇ, ನಿಜವಾದ ಬೆಲೆ ಬರೆಸಿಯೇ ತರಿಸಿ. ಕೊರಿಯರ್‌ನವರು ಗುರುತಿನ ದಾಖಲೆ ಕೇಳುತ್ತಾರೆ, ಸಿದ್ಧವಿಟ್ಟುಕೊಳ್ಳಿ. ಕಾರ್ಡಿನ ಬೆಲೆಗೆ ಸಾಗಣೆ, ಸುಂಕ, ಕೊರಿಯರ್‌ನವರ ಶುಲ್ಕ ಮೂರೂ ಸೇರಿದ ಮೇಲೆ ಒಂದು ಕಾರ್ಡು ತರಿಸುವುದು ಲಾಭವೋ ಹತ್ತು ಒಟ್ಟಿಗೆ ತರಿಸುವುದು ಲಾಭವೋ ನೋಡಿ. ಬಹುತೇಕ ಎರಡನೆಯದೇ. ಒಬ್ಬನೇ ಮಾರಾಟಗಾರನ ಹತ್ತಿರ ಹಲವು ಕಾರ್ಡು ಆರಿಸಿ ಒಂದೇ ಪೊಟ್ಟಣದಲ್ಲಿ ಕಳಿಸಲು ಕೇಳಿ.

ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಕೊನೆಯ ಹಂತ ಘಟ್ಟದ ರಸ್ತೆಯ ಮೇಲೆ, ಗುಡ್ಡ ಜರಿದರೆ ಪೊಟ್ಟಣ ದಿನಗಟ್ಟಲೆ ಎಲ್ಲೋ ಒಂದು ಗೋದಾಮಿನಲ್ಲಿ ಕೂರುತ್ತದೆ. ಹಾಗಾಗಿ ಕಟ್ಟುವ ಕ್ರಮವನ್ನು ಮಾರಾಟಗಾರನಿಗೆ ಬರೆದು ತಿಳಿಸಿ: ಪೆನ್ನಿ ಸ್ಲೀವ್, ಟಾಪ್‌ಲೋಡರ್, ಅದರ ಬಾಯಿಗೆ ಪೇಂಟರ್‌ಗಳು ಬಳಸುವ ಕಾಗದದ ಟೇಪು, ಅದರ ಮೇಲೆ ಅಂಟಿಸಿ ಮುಚ್ಚುವ ಪ್ಲಾಸ್ಟಿಕ್ ಚೀಲ, ಎರಡು ಬದಿಗೆ ರಟ್ಟು, ಆಮೇಲೆ ಬಬಲ್ ಕವರ್. ಪಾರದರ್ಶಕ ಸೆಲ್ಲೋ ಟೇಪು ಟಾಪ್‌ಲೋಡರಿನ ಬಾಯಿಗೆ ಬೇಡ. ಬಿಚ್ಚುವಾಗ ಅಂಟು ಒಳಗೆ ಹೋಗಿ ಕಾರ್ಡಿಗೇ ಹತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ತರಿಸದಿರುವುದು ಉತ್ತಮ. ಸುಗ್ಗಿಯ ಹಬ್ಬ ಹುತ್ತರಿಗೆ ಊರಿಗೆ ಬರುವ ನೆಂಟರಿದ್ದರೆ ಅವರ ಕೈಚೀಲವೇ ಎಲ್ಲಕ್ಕಿಂತ ಸುರಕ್ಷಿತ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ಕಾರ್ಡಿಗೆ ಏನೂ ಆಗುವುದಿಲ್ಲ.

ಪ್ರಶ್ನೆ: ನನ್ನ ಒಂದು ಪ್ರಿಜಂ ಕಾರ್ಡಿನಲ್ಲಿ ಆಟಗಾರನ ಟೋಪಿಯ ಮೇಲೆ ತಂಡದ ಗುರುತೇ ಇಲ್ಲ. ನಕಲಿ ಕೊಟ್ಟರೇ? ನಕಲಿ ಗುರುತಿಸುವುದು ಹೇಗೆ?
— ಓದುಗರು, ಪೊನ್ನಂಪೇಟೆ

ಉತ್ತರ: ಅದಷ್ಟೇ ಕಾರಣಕ್ಕೆ ನಕಲಿ ಅಲ್ಲ. ಪ್ರಿಜಂ ಪಾನಿನಿ ಕಂಪನಿಯದು. ಅದಕ್ಕೆ ಆಟಗಾರರ ಸಂಘದ ಪರವಾನಗಿ ಇತ್ತು, ಲೀಗಿನದ್ದು ಇರಲಿಲ್ಲ. ಹಾಗಾಗಿ ಗುರುತು, ತಂಡದ ಹೆಸರು ಅಳಿಸಿಯೇ ಮುದ್ರಿಸುತ್ತಿದ್ದರು. ಇದೇ ಕಾರಣಕ್ಕೆ ಬೆಲೆಯೂ ಸಾಮಾನ್ಯವಾಗಿ ಟಾಪ್ಸ್ ಕಾರ್ಡಿಗಿಂತ ಕಡಿಮೆ.

ನಕಲಿ ಹಿಡಿಯಲು ಒಳ್ಳೆಯ ಉಪಾಯ, ಅದೇ ಸೆಟ್ಟಿನ ಅಗ್ಗದ ಆಟಗಾರನ ಕಾರ್ಡೊಂದನ್ನು ಕೊಂಡು ಪಕ್ಕದಲ್ಲಿಟ್ಟುಕೊಳ್ಳುವುದು. ಅಗ್ಗದ್ದನ್ನು ಯಾರೂ ನಕಲು ಮಾಡುವುದಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಎರಡನ್ನೂ ತೂಗಿ. ಗಾಜಿನ ಮೇಲೆ ನಿಲ್ಲಿಸಿ ಅಂಚಿನ ಪದರ ಹೋಲಿಸಿ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಬೆನ್ನಿನ ಅಕ್ಷರ ನೋಡಿ. ಅಸಲಿಯಲ್ಲಿ ಫೋಟೊ ಬಣ್ಣದ ಚುಕ್ಕೆಗಳಿಂದಾಗಿರುತ್ತದೆ, ಕಪ್ಪು ಅಕ್ಷರಗಳು ಮಾತ್ರ ಒಂದೇ ತುಂಬಿದ ಗೆರೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಅಕ್ಷರವೂ ಚುಕ್ಕೆಚುಕ್ಕೆಯಾಗಿ, ಅಂಚು ಹರಡಿದಂತೆ ಕಾಣುತ್ತದೆ. 23/50 ಥರದ ನಂಬರ್ ಸಾಮಾನ್ಯವಾಗಿ ಫಾಯಿಲ್ ಎಂಬ ಲೋಹದ ಹೊಳಪಿನ ಪದರದಲ್ಲಿ ಒತ್ತಿದ್ದಾಗಿರುತ್ತದೆ, ಓರೆ ಬೆಳಕಿನಲ್ಲಿ ತಗ್ಗು ಕಾಣುತ್ತದೆ.

ಯಾಂಕೀಸ್ ತಂಡದ ಡೆರೆಕ್ ಜೀಟರ್‌ನ 1993ರ ಎಸ್‌ಪಿ ಎಂಬ ಸೆಟ್ಟಿನ 279ನೇ ನಂಬರಿನ ಕಾರ್ಡು ಕೊಳ್ಳುವವರು ಎರಡು ಪಟ್ಟು ಎಚ್ಚರವಾಗಿರಿ, ಅದರ ನಕಲಿ ಬಹಳ. ಅದು ಫಾಯಿಲ್ ಕಾರ್ಡು, ಅಸಲಿಯಲ್ಲೂ ಅಂಚಿನ ಫಾಯಿಲ್ ಸುಲಭವಾಗಿ ಉದುರಿ ಬಿಳಿ ಕಾಣುತ್ತದೆ. ಮೂವತ್ತು ವರ್ಷ ದಾಟಿದ ಆ ಕಾರ್ಡು ನಾಲ್ಕೂ ಮೂಲೆ ಚೂಪಾಗಿ, ಅಗ್ಗಕ್ಕೆ, ಯಾವ ಪ್ರಮಾಣಪತ್ರವೂ ಇಲ್ಲದೆ ಸಿಗುತ್ತಿದೆ ಎಂದರೆ ಕೈ ಹಾಕಬೇಡಿ.

ಪ್ರಶ್ನೆ: 1990ರ ದಶಕದ ಫೈನೆಸ್ಟ್ ಕಾರ್ಡಿನ ಮೇಲೆ ಪ್ಲಾಸ್ಟಿಕ್ ಪೊರೆ ಇದೆ. ಸುಲಿಯಲೇ?
— ಓದುಗರು, ಸಿದ್ದಾಪುರ

ಉತ್ತರ: ಆ ಪೊರೆ ಕಾರ್ಖಾನೆಯದ್ದೇ, ಗೀರು ತಡೆಯಲು ಹಾಕಿದ್ದು. ಮಾರುವ ಯೋಚನೆ ಇದ್ದರೆ ಬಿಡಿ, ಸುಲಿದದ್ದನ್ನು ಮತ್ತೆ ಹಾಕಲಾಗದು. ನಿಮ್ಮಲ್ಲೇ ಉಳಿಸಿಕೊಳ್ಳುವುದಾದರೆ, ಪೊರೆಯ ಕೆಳಗೆ ಗುಳ್ಳೆ ಎದ್ದಿದ್ದರೆ ಮಾತ್ರ, ಜನವರಿಯ ಒಣ ದಿನದಲ್ಲಿ ಸುಲಿಯಿರಿ. ಕಾರ್ಡನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಹಿಡಿದು, ಒಂದು ಮೂಲೆಯಿಂದ ಎತ್ತಿ, ಪೊರೆಯನ್ನು ಮೇಲಕ್ಕೆ ಎಳೆಯದೆ ಕಾರ್ಡಿಗೆ ಒರಗಿಸಿಕೊಂಡಂತೆ ಹಿಂದಕ್ಕೆ ಮಡಚುತ್ತಾ ನಿಧಾನ ಹೋಗಿ. ಸುಲಿದ ಕೂಡಲೇ ಕಾರ್ಡು ಧೂಳನ್ನು ಎಳೆದುಕೊಳ್ಳುತ್ತದೆ, ಸ್ಲೀವ್ ಪಕ್ಕದಲ್ಲೇ ತೆರೆದಿಟ್ಟಿರಿ. ಆ ಕಾಲದ ಫೈನೆಸ್ಟ್, ಕ್ರೋಮ್ ಕಾರ್ಡುಗಳಲ್ಲಿ ಕೆಲವಕ್ಕೆ ಹಸಿರು ಛಾಯೆ ಬರುತ್ತದೆ. ಅದು ಕೊಳೆಯಲ್ಲ, ಒರೆಸಿದರೆ ಹೋಗದು.

ಪ್ರಶ್ನೆ: ಹೊಳಪಿನ ಮೇಲೆ ಬೆರಳಚ್ಚು ಬಿದ್ದಿದೆ. ಸ್ಪಿರಿಟ್‌ನಿಂದ ಒರೆಸಬಹುದೇ? ಗ್ರೇಡಿಂಗ್‌ಗೆ ಕಳಿಸಬೇಕೆಂದಿದ್ದೇನೆ.
— ಓದುಗರು, ಶನಿವಾರಸಂತೆ

ಉತ್ತರ: ಸ್ಪಿರಿಟ್ ಬೇಡ, ಸಹಿ ಇದ್ದರೆ ಅದೂ ಹೋಗುತ್ತದೆ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯನ್ನು ಒಗೆದು ಪೂರ್ತಿ ಒಣಗಿಸಿ, ಕಾರ್ಡಿನ ಮೇಲೆ ಬಾಯಿಯ ಹಬೆ ಬಿಡದೆ, ನಡುವಿನಿಂದ ಅಂಚಿನ ಕಡೆಗೆ ಒತ್ತದೆ ಎಳೆಯಿರಿ. ಮೊದಲು ಧೂಳನ್ನು ಊದುವ ರಬ್ಬರ್ ಬಲ್ಬಿನಿಂದ ಹಾರಿಸಿ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಬಟ್ಟೆಯೇ ಗೀರು ಎಳೆಯುತ್ತದೆ. ಮೊಬೈಲ್ ಟಾರ್ಚನ್ನು ಕಾರ್ಡಿಗೆ ಸಮತಟ್ಟಾಗಿ ಹಿಡಿದು ನೋಡಿದರೆ ಬೆರಳಚ್ಚು ಯಾವುದು, ಗೀರು ಯಾವುದು ತಿಳಿಯುತ್ತದೆ. ಬೆರಳಚ್ಚು ಮಂಕಾದ ಮಚ್ಚೆ. ಗೀರು ಕೂದಲೆಳೆಯ ಬೆಳ್ಳಿ ಗೆರೆ, ಬೆಳಕು ತಿರುಗಿಸಿದಾಗ ಮಾಯವಾಗಿ ಮತ್ತೆ ಬರುತ್ತದೆ.

ಪಿಎಸ್‌ಎ 1991ರಿಂದ ಇರುವ ಅಮೆರಿಕದ ಗ್ರೇಡಿಂಗ್ ಸಂಸ್ಥೆ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುತ್ತದೆ. ಬೆಕೆಟ್ ಎಂಬ ಇನ್ನೊಂದು ಸಂಸ್ಥೆಯವರು ಚಿತ್ರ ನಡುವಿನಲ್ಲಿರುವುದು, ಮೂಲೆ, ಅಂಚು, ಮೇಲ್ಮೈ ಎಂದು ನಾಲ್ಕಕ್ಕೂ ಬೇರೆಬೇರೆ ಅಂಕ ಕೊಡುತ್ತಾರೆ. ಕಳಿಸುವ ಮೊದಲು ನೀವೇ ಸ್ಕೇಲ್ ಹಿಡಿಯಿರಿ. ಎಡ ಅಂಚು 2 ಮಿಲಿಮೀಟರ್, ಬಲ ಅಂಚು 3 ಮಿಲಿಮೀಟರ್ ಇದ್ದರೆ 40/60 ಆಯಿತು. ಅಷ್ಟು ಓರೆಯಿದ್ದರೇ ಹತ್ತರ ಆಸೆ ಬಿಡಿ. ಹೋಗಿಬರುವ ಸಾಗಣೆ, ಶುಲ್ಕ, ವಿಮೆ ಎಲ್ಲ ಕೂಡಿಸಿ, ಕಾರ್ಡಿನ ಬೆಲೆ ಆ ಮೊತ್ತದ ನಾಲ್ಕೈದು ಪಟ್ಟು ಇಲ್ಲದಿದ್ದರೆ ಕಳಿಸಬೇಡಿ. ಪ್ಲಾಸ್ಟಿಕ್ ಪೆಟ್ಟಿಗೆ ಗಾಳಿ ಪೂರ್ತಿ ತಡೆಯುವುದಿಲ್ಲ, ಗ್ರೇಡ್ ಆಗಿ ಬಂದ ಕಾರ್ಡಿಗೂ ಮಳೆಗಾಲದಲ್ಲಿ ಅದೇ ಶೇ. 49ರ ಡಬ್ಬಿಯೇ ಬೇಕು.